ಕಲ್ಲಚ್ಚಿನ ಕಲ್ಲು, ಕಲ್ಲೊಳಗಿನ ಹಕ್ಕಿ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಪತ್ರಿಕಾ ದಿನಾಚರಣೆಯ ಭಾಷಣಗಳಲ್ಲಿ ಇದನ್ನು ಪ್ರತಿವರ್ಷ ಕೇಳುತ್ತೇವೆ, ಹರ್ಮನ್ ಮೋಗ್ಲಿಂಗನ ಹೆಸರನ್ನೂ ಕೇಳುತ್ತೇವೆ. ಆ ಪತ್ರಿಕೆ ಅಚ್ಚುಮೊಳೆಗಳಿಂದಲ್ಲ, ಕಲ್ಲಿನಿಂದ ಅಚ್ಚಾಯಿತು ಎಂಬ ಮಾತು ಮಾತ್ರ ಒಂದು ಅರ್ಧ ವಾಕ್ಯದಲ್ಲಿ ಬಂದುಹೋಗುತ್ತದೆ. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ್ದು ಕಲ್ಲಚ್ಚಿನ ಮುದ್ರಣಾಲಯವನ್ನು. ಮೋಗ್ಲಿಂಗ್ ಮುಂದೆ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಹೊರತಂದ ಹಳೆಯ ಕಾವ್ಯಗಳೂ ಕಲ್ಲಚ್ಚಿನವೇ.

ನನ್ನ ಸಂಶೋಧನೆ ಹತ್ತೊಂಬತ್ತನೆಯ ಶತಮಾನದ ಕನ್ನಡ ಮುದ್ರಣದ ಬಗ್ಗೆ. ಆ ಕಾಲದ ಪುಸ್ತಕಗಳ ಬಗ್ಗೆ ಬರೆದವರು ಅಕ್ಷರದ ಬಗ್ಗೆ ಬರೆದಿದ್ದಾರೆ, ಕಾಗದದ ಬಗ್ಗೆ ಬರೆದಿದ್ದಾರೆ, ಪಾದ್ರಿಗಳ ಬಗ್ಗೆಯಂತೂ ಬೇಕಾದಷ್ಟು ಬರೆದಿದ್ದಾರೆ. ಕಲ್ಲಿನ ಬಗ್ಗೆ ಯಾರೂ ಹೆಚ್ಚು ತಲೆಕೆಡಿಸಿಕೊಂಡಂತಿಲ್ಲ. ಮೋಗ್ಲಿಂಗನ ಮೇಜಿನ ಮೇಲಿದ್ದ ಕಲ್ಲು ಯಾವ ಗಣಿಯದು ಎಂದು ಹುಡುಕುವುದು ಈ ಬರಹದ ಕೆಲಸವಲ್ಲ. ಆದರೆ ಈ ವಿದ್ಯೆ ಹುಟ್ಟಿದ್ದು ಯಾವ ಕಲ್ಲಿನ ಮೇಲೆ ಎಂಬುದು ಖಚಿತವಾಗಿ ಗೊತ್ತು. ಅದು ಜರ್ಮನಿಯ ಬವೇರಿಯಾ ಪ್ರಾಂತ್ಯದಲ್ಲಿ, ಆಲ್ಟ್‌ಮ್ಯೂಲ್ ಎಂಬ ಸಣ್ಣ ನದಿಯ ಇಕ್ಕೆಲಗಳಲ್ಲಿ ಸಿಗುವ ಸುಣ್ಣಕಲ್ಲು. ಊರಿನ ಹೆಸರು ಸೋಲ್ನ್‌ಹೋಫೆನ್. ಎಂಟನೆಯ ಶತಮಾನದಲ್ಲಿ ಸೋಲಾ ಎಂಬ ಸನ್ಯಾಸಿ ಇಲ್ಲಿ ನೆಲೆಸಿದ್ದನಂತೆ, ಊರಿಗೆ ಅವನದೇ ಹೆಸರು. ಈ ಕಲ್ಲಿಗೆ ಎರಡು ಚರಿತ್ರೆಗಳಿವೆ. ಒಂದನ್ನು ಮುದ್ರಣದ ಚರಿತ್ರಕಾರರು ಹೇಳುತ್ತಾರೆ, ಇನ್ನೊಂದನ್ನು ಭೂವಿಜ್ಞಾನಿಗಳು. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರದು ಅಡಿಟಿಪ್ಪಣಿಯಷ್ಟೇ. ನನಗೆ ಎರಡೂ ಒಂದೇ ಕತೆಯಾಗಿ ಕಾಣುತ್ತದೆ.

ಮೊದಲು ಮುದ್ರಣದ ಕತೆ. ಆಲೊಯ್ಸ್ ಸೆನೆಫೆಲ್ಡರ್ 1771ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವನು, ನಾಟಕದವನ ಮಗ. ತಂದೆ ತೀರಿಕೊಂಡ ಮೇಲೆ ಕಾನೂನು ಓದು ಬಿಟ್ಟು ತಾನೂ ಮ್ಯೂನಿಕ್ ಕಡೆ ನಾಟಕ ಬರೆಯತೊಡಗಿದ. ನಾಟಕಗಳನ್ನು ಅಚ್ಚು ಹಾಕಿಸಲು ದುಡ್ಡಿಲ್ಲ. ತಾನೇ ಅಚ್ಚು ಹಾಕಿಕೊಳ್ಳುವುದೆಂದರೆ ತಾಮ್ರದ ತಗಡು ದುಬಾರಿ, ಅದರ ಮೇಲೆ ಅಕ್ಷರವನ್ನು ತಿರುವುಮುರುವಾಗಿ ಕೊರೆಯಲು ಅಭ್ಯಾಸ ಬೇರೆ ಬೇಕು. ಅಭ್ಯಾಸಕ್ಕೆಂದು ಅವನು ಹಿಡಿದದ್ದು ಆ ಸೀಮೆಯ ಮನೆಗಳ ನೆಲಕ್ಕೆ ಹಾಸುತ್ತಿದ್ದ ಅಗ್ಗದ ಕಲ್ಲನ್ನು. ನಮ್ಮಲ್ಲಿ ಶಹಾಬಾದ್ ಕಲ್ಲು ಇದ್ದ ಹಾಗೆ ಅಲ್ಲಿ ಅದು.

1796ರಲ್ಲಿ ಒಂದು ದಿನ ಅಗಸಗಿತ್ತಿ ಬಾಗಿಲಲ್ಲಿ ಕಾಯುತ್ತಿದ್ದಳು. ಬಟ್ಟೆಯ ಲೆಕ್ಕ ಬರೆದುಕೋ ಎಂದು ತಾಯಿ ಹೇಳಿದಳು. ಕೈಗೆ ಕಾಗದ ಸಿಗಲಿಲ್ಲ. ಮೇಣ, ಸಾಬೂನು, ದೀಪದ ಕಾಡಿಗೆ ಸೇರಿಸಿ ತಾನೇ ಮಾಡಿಕೊಂಡಿದ್ದ ಮಸಿಯಿಂದ ಆಗತಾನೆ ಉಜ್ಜಿ ನಯಮಾಡಿದ್ದ ಕಲ್ಲಿನ ಮೇಲೆ ಲೆಕ್ಕ ಬರೆದ. ಆಮೇಲೆ ಅಳಿಸುವ ಮೊದಲು, ಇದಕ್ಕೆ ಆಮ್ಲ ಸುರಿದರೆ ಹೇಗೆ ಎಂದು ಯೋಚಿಸಿದ. ಈ ಕತೆಯನ್ನು ಅವನೇ 1818ರಲ್ಲಿ ಪ್ರಕಟವಾದ ತನ್ನ ಕೈಪಿಡಿಯಲ್ಲಿ ಹೇಳಿಕೊಂಡಿದ್ದಾನೆ. ನಾಟಕಕಾರನ ಆತ್ಮಕತೆ ಎಂದು ಸ್ವಲ್ಪ ಸೋಡಿ ಬಿಟ್ಟುಕೊಳ್ಳಬೇಕು. ಅಂದಹಾಗೆ ಆ ದಿನ ಅವನಿಗೆ ಸಿಕ್ಕಿದ್ದು ಉಬ್ಬಕ್ಷರದ ಅಚ್ಚು ಮಾತ್ರ, ಕಲ್ಲಚ್ಚು ಅಲ್ಲ. ನಿಜವಾದ ಕಲ್ಲಚ್ಚು ಸಿದ್ಧಿಸಿದ್ದು 1798ರ ಹೊತ್ತಿಗೆ.

ಅದರಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಕಲ್ಲಿನ ಮುಖ ಕೊನೆಯವರೆಗೂ ಸಪಾಟು. ಜಿಡ್ಡಿನ ಮಸಿಯಲ್ಲಿ ಬರೆದರೆ ಆ ಜಿಡ್ಡು ಸುಣ್ಣಕಲ್ಲಿನ ಕ್ಯಾಲ್ಸಿಯಂ ಜತೆ ಸೇರಿ ನೀರಿಗೆ ಜಗ್ಗದ ಒಂದು ತೆಳುಪೊರೆಯಾಗುತ್ತದೆ. ಅದರ ಮೇಲೆ ಗೋಂದು ಮತ್ತು ಚೂರು ನೈಟ್ರಿಕ್ ಆಮ್ಲ ಸವರಿದರೆ ಬರೆಯದ ಜಾಗ ನೀರನ್ನು ಹಿಡಿದಿಟ್ಟುಕೊಳ್ಳುವ ಗುಣ ಪಡೆಯುತ್ತದೆ. ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಓಡಿಸಿದರೆ ಒದ್ದೆ ಜಾಗ ಮಸಿಯನ್ನು ದೂರ ತಳ್ಳುತ್ತದೆ, ಬರೆದ ಜಾಗ ಎಳೆದುಕೊಳ್ಳುತ್ತದೆ. ಎಣ್ಣೆ-ನೀರು ಬೆರೆಯುವುದಿಲ್ಲ ಎಂಬ, ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಅಷ್ಟೇ. ಆದರೆ ಇದು ನಡೆಯಬೇಕಾದರೆ ಕಲ್ಲು ನೀರನ್ನೂ ಜಿಡ್ಡನ್ನೂ ಸಮನಾಗಿ ಹೀರಬೇಕು. ಕಣ ಅತಿ ಸಣ್ಣದಿರಬೇಕು, ಎಲ್ಲೆಲ್ಲೂ ಒಂದೇ ಸಮ ಇರಬೇಕು, ನಡುವೆ ಚಿಪ್ಪಿನ ಚೂರು, ಮರಳು, ಬಿರುಕು ಯಾವುದೂ ಇರಬಾರದು. ಜಗತ್ತಿನಲ್ಲಿ ಸುಣ್ಣಕಲ್ಲಿಗೆ ಬರವಿಲ್ಲ. ಇಂಥ ಸುಣ್ಣಕಲ್ಲು ಮಾತ್ರ ತೀರ ಅಪರೂಪ. ಸೆನೆಫೆಲ್ಡರನ ಕಾಲ ಕೆಳಗೆ ನೆಲಕ್ಕೆ ಹಾಸಿದ್ದು ಅದೇ ಆಗಿತ್ತು.

ಕನ್ನಡದಂಥ ಲಿಪಿಗೆ ಈ ವಿದ್ಯೆ ಯಾಕೆ ಒಗ್ಗಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗುಣಿತಾಕ್ಷರ, ಒತ್ತಕ್ಷರ ಎಲ್ಲ ಲೆಕ್ಕ ಹಾಕಿದರೆ ಕನ್ನಡಕ್ಕೆ ನೂರಾರು ಅಚ್ಚುಮೊಳೆ ಎರೆಯಿಸಬೇಕು. ಕಲ್ಲಚ್ಚಿಗೆ ಒಬ್ಬ ಒಳ್ಳೆಯ ಬರೆವಣಿಗೆಯವನು ಸಾಕು. ಜಿಡ್ಡಿನ ಮಸಿಯಲ್ಲಿ ಕಾಗದದ ಮೇಲೆ ನೇರವಾಗಿ ಬರೆದು ಅದನ್ನು ಕಲ್ಲಿಗೆ ಒತ್ತಿ ಇಳಿಸುವ ಉಪಾಯವನ್ನೂ ಸೆನೆಫೆಲ್ಡರನೇ ಕಂಡುಹಿಡಿದಿದ್ದ, ಹಾಗಾಗಿ ತಿರುವುಮುರುವು ಬರೆಯುವ ಕಷ್ಟವೂ ಇಲ್ಲ. ನಮ್ಮ ಆರಂಭದ ಅಚ್ಚಿನ ಪುಸ್ತಕಗಳು ಕೈಬರಹದಂತೆ ಕಾಣುವುದು ಅವು ನಿಜವಾಗಿ ಕೈಬರಹಗಳೇ ಆಗಿರುವುದರಿಂದ.

ಇನ್ನು ಕಲ್ಲಿನ ಮಾತು.

ಸುಮಾರು 15 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗ ಮುಗಿಯುತ್ತಿದ್ದ ಕಾಲದಲ್ಲಿ, ಇವತ್ತಿನ ದಕ್ಷಿಣ ಜರ್ಮನಿ ಒಂದು ಬೆಚ್ಚನೆಯ ಆಳವಿಲ್ಲದ ಕಡಲು. ಅಲ್ಲಲ್ಲಿ ದ್ವೀಪಗಳು. ದಕ್ಷಿಣಕ್ಕೆ ಟೆಥಿಸ್ ಮಹಾಸಾಗರ. ಆ ಸಾಗರದ ಆಚೆ ದಂಡೆಯಲ್ಲಿ ಗೊಂಡ್ವಾನ ಎಂಬ ದೊಡ್ಡ ಭೂಖಂಡ, ಅದರೊಳಗೆ ನಮ್ಮ ಭಾರತ. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಗಂಡಕಿ ನದಿಯಿಂದ ಬಂದದ್ದಾದರೆ, ಅದರೊಳಗಿನ ಚಕ್ರ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅದೇ ಟೆಥಿಸ್‌ನ ಈಚೆ ದಂಡೆಯಲ್ಲಿ ಈಜುತ್ತಿದ್ದ ಅಮೊನೈಟ್ ಎಂಬ ಜೀವಿಯ ಚಿಪ್ಪಿನ ಗುರುತು. ಸೋಲ್ನ್‌ಹೋಫೆನ್ನಿನ ಕಲ್ಲಿನಲ್ಲೂ ಅಮೊನೈಟ್‌ಗಳಿವೆ. ಅಲ್ಲಿ ಅವು ಚಪ್ಪಟೆಯಾಗಿ ಒತ್ತಿಕೊಂಡಿರುತ್ತವೆ, ಯಾರೂ ಪೂಜೆ ಮಾಡುವುದಿಲ್ಲ.

ಈ ಕಡಲಿನ ತಳ ಸಮತಟ್ಟಾಗಿರಲಿಲ್ಲ. ಸ್ಪಂಜುಗಳೂ ಸೂಕ್ಷ್ಮಜೀವಿಗಳೂ ಸೇರಿ ಕಟ್ಟಿದ ದಿಬ್ಬಗಳು, ಅವುಗಳ ನಡುವೆ ಬಟ್ಟಲಿನಂಥ ತಗ್ಗುಗಳು, ಹೊರಗಡೆ ಹವಳದ ಗೋಡೆಗಳು. ತಗ್ಗುಗಳ ನೀರು ಹೊರಗಿನ ಕಡಲಿನೊಂದಿಗೆ ಸರಿಯಾಗಿ ಬೆರೆಯದಂತೆ ನಿಂತುಬಿಟ್ಟಿತು. ಬಿಸಿಲಿಗೆ ಆವಿಯಾಗಿ ಉಪ್ಪು ಹೆಚ್ಚಿದ ನೀರು ಭಾರವಾಗಿ ಕೆಳಗಿಳಿದು ತಳದಲ್ಲಿ ಕೂತಿತು. ಮೇಲಿನ ಪದರದಲ್ಲಿ ಮೀನು ಈಜಬಹುದು. ತಳದಲ್ಲಿ ಆಮ್ಲಜನಕವಿಲ್ಲ, ಉಪ್ಪು ವಿಪರೀತ. ಅಲ್ಲಿ ಯಾವುದೂ ಬದುಕುವುದಿಲ್ಲ. ಕೆಸರನ್ನು ಬಗೆಯುವ ಹುಳವಿಲ್ಲ, ಹೆಣ ತಿನ್ನುವ ಏಡಿಯಿಲ್ಲ.

ಬಿರುಗಾಳಿ ಬೀಸಿದಾಗ ಹವಳದ ಗೋಡೆಯಾಚೆಯಿಂದ ಹಾಲಿನಂಥ ಸುಣ್ಣದ ಕೆಸರು ತೇಲಿಬಂದು ನಿಧಾನವಾಗಿ ತಳಕ್ಕಿಳಿಯುತ್ತಿತ್ತು. ಒಂದು ಪದರ, ಅದರ ಮೇಲೆ ಇನ್ನೊಂದು. ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಪಾಲು ಶುದ್ಧ ಸುಣ್ಣವಿರುವ ಗಟ್ಟಿ ಪದರಕ್ಕೆ ಅಲ್ಲಿನ ಕಲ್ಲುಕುಟಿಗರು ಫ್ಲಿಂಟ್ಸ್ ಎನ್ನುತ್ತಾರೆ. ನಡುನಡುವೆ ಬರುವ ಜೇಡಿ ಬೆರೆತ ಮೆದು ಪದರಕ್ಕೆ ಫೊಯ್ಲೆ ಎನ್ನುತ್ತಾರೆ. ಆ ಮಾತಿನ ಅರ್ಥ ಕೊಳೆತದ್ದು ಎಂದು. ಭೂವಿಜ್ಞಾನಿಗಳು ಹೊಸ ಪದ ಹುಡುಕುವ ಗೋಜಿಗೆ ಹೋಗದೆ ಕುಟಿಗರ ಮಾತನ್ನೇ ತಮ್ಮ ಪ್ರಬಂಧಗಳಿಗೆ ಎತ್ತಿಕೊಂಡರು. ಈ ಎರಡು ಪದರ ಯಾಕೆ ಹೀಗೆ ಒಂದಾದ ಮೇಲೊಂದು ಬರುತ್ತವೆ ಎಂಬುದರ ಬಗ್ಗೆ ಅವರ ಜಗಳ ಇನ್ನೂ ಮುಗಿದಿಲ್ಲ. ಸುಣ್ಣವೆಲ್ಲ ಬಿರುಗಾಳಿ ತಂದದ್ದೆಂದು ಕೆಲವರು, ಬಟ್ಟಲಿನೊಳಗಿನ ಸೂಕ್ಷ್ಮಜೀವಿಗಳ ಪಾಲೂ ಇದೆಯೆಂದು ಕೆಲವರು.

ಅಚ್ಚಿಗೆ ಬೇಕಾದ ಗುಣ ಮತ್ತು ಪಳೆಯುಳಿಕೆ ಉಳಿಯಲು ಬೇಕಾದ ಗುಣ ಎರಡೂ ಒಂದೇ ಎಂಬುದು ಇಲ್ಲಿ ಗಮನಿಸಬೇಕಾದದ್ದು. ಕಣ ಸಣ್ಣದು, ಕೆಸರನ್ನು ಯಾರೂ ಕದಡಿಲ್ಲ, ಪದರ ಸಪಾಟು. ಹೀಗಾಗಿ ಅಕ್ಷರದ ಸಣ್ಣ ಗೆರೆಯೂ ನಿಲ್ಲುತ್ತದೆ, ದುಂಬಿಯ ರೆಕ್ಕೆಯ ನರವೂ ನಿಲ್ಲುತ್ತದೆ. ಲೋಳೆಮೀನಿನ ಅಚ್ಚು ಕೂಡ ಸಿಕ್ಕಿದೆ, ಎಲುಬೇ ಇಲ್ಲದ, ದಂಡೆಗೆ ಬಿದ್ದರೆ ಅರ್ಧ ದಿನದಲ್ಲಿ ನೀರಾಗಿಹೋಗುವ ಜೀವಿಯದು. ಈವರೆಗೆ ಆರುನೂರಕ್ಕೂ ಮಿಕ್ಕ ಜಾತಿಯ ಜೀವಿಗಳು ಈ ಕಲ್ಲಿನಲ್ಲಿ ಸಿಕ್ಕಿವೆ. ಹಾಗೆಂದು ಎಲ್ಲಿ ಸೀಳಿದರೂ ಏನಾದರೂ ಸಿಗುತ್ತದೆ ಎಂದುಕೊಳ್ಳಬಾರದು. ಬಹುಪಾಲು ಹಾಸು ಖಾಲಿ. ಏನೂ ಬದುಕದ ಜಾಗದಲ್ಲಿ ಹೊರಗಿನಿಂದ ತೇಲಿಬಂದದ್ದು, ಗಾಳಿಯಲ್ಲಿ ಬಂದು ಬಿದ್ದದ್ದು ಮಾತ್ರ ಇರುತ್ತದೆ. ಹೆಚ್ಚಾಗಿ ಸಿಗುವುದು ಸಾಕೊಕೋಮಾ ಎಂಬ, ನಕ್ಷತ್ರಮೀನಿನ ದೂರದ ನೆಂಟನಾದ ಪುಟ್ಟ ಜೀವಿ.

ಸತ್ತು ಬಂದವುಗಳ ಜತೆಗೆ ಬದುಕಿದ್ದು ಬಂದವೂ ಇದ್ದವು. ಮೀಸೊಲಿಮುಲಸ್ ಎಂಬುದು ಅರಸೇಡಿಯ ಪೂರ್ವಕಾಲದ ಬಂಧು, ಕುದುರೆ ಲಾಳದ ಆಕಾರದ ಚಿಪ್ಪಿನದು. ಅಂಥ ಒಂದು ನಡೆದ ಜಾಡು 9.7 ಮೀಟರ್ ಉದ್ದಕ್ಕೆ ಹಾಗೆಯೇ ಉಳಿದಿದೆ. 2012ರಲ್ಲಿ ಅದರ ವಿವರ ಪ್ರಕಟವಾಯಿತು. ಜಾಡಿನ ಆರಂಭದಲ್ಲಿ ಅದು ಬಿದ್ದು ಮಗುಚಿಕೊಂಡು ಎದ್ದ ಗುರುತು ಇದೆ. ಬಹುಶಃ ಬಿರುಗಾಳಿಗೆ ಸಿಕ್ಕಿ ಬಟ್ಟಲಿನೊಳಗೆ ಬಿತ್ತು. ಎದ್ದು ನಡೆಯಿತು. ಹೆಜ್ಜೆ ಸ್ವಲ್ಪ ದೂರ ನೇರ, ಆಮೇಲೆ ದಿಕ್ಕು ಬದಲು, ಬಾಲ ಎಳೆದ ಗೆರೆ ಅಂಕುಡೊಂಕು. ಜಾಡಿನ ತುದಿಯಲ್ಲಿ ಆ ಜೀವಿಯೇ ಇದೆ. ಸಾಯುತ್ತಿರುವ ಜೀವಿಯೊಂದರ ಕೊನೆಯ ಗಳಿಗೆಗಳನ್ನು ಹೀಗೆ ಕ್ರಮವಾಗಿ ಓದಲು ಸಿಗುವ ದಾಖಲೆ ಮನುಷ್ಯರ ಚರಿತ್ರೆಯಲ್ಲೂ ಹೆಚ್ಚಿಲ್ಲ.

ನಮ್ಮ ಶಹಾಬಾದ್ ಕಲ್ಲೂ ಹೀಗೆಯೇ ಹಾಳೆಹಾಳೆಯಾಗಿ ಏಳುವ, ನಯವಾದ ಸುಣ್ಣಕಲ್ಲು. ಭೀಮಾ ನದಿಯ ಕೊಳ್ಳದ್ದು. ಕಲಬುರಗಿ ಸೀಮೆಯ ಮನೆಗಳಲ್ಲಿ ನೆಲ, ಅಟ್ಟ, ಕಟ್ಟೆ ಎಲ್ಲವೂ ಅದರದ್ದೇ. ಅದರಲ್ಲಿ ಯಾಕೆ ಮೀನು, ಹಕ್ಕಿ ಸಿಗುವುದಿಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಉತ್ತರ ಸರಳ. ಆ ಕೆಸರು ಕೂತಾಗ ಎಲುಬುಳ್ಳ ಪ್ರಾಣಿ ಎಂಬುದೇ ಜಗತ್ತಿನಲ್ಲಿ ಹುಟ್ಟಿರಲಿಲ್ಲ. ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ. ಸೂಕ್ಷ್ಮಜೀವಿಗಳ ಚಾಪೆಗಳು ಪದರಪದರವಾಗಿ ಕಟ್ಟಿದ, ಕತ್ತರಿಸಿದ ಕೋಸಿನಂತೆ ಕಾಣುವ ಗುರುತುಗಳು. ನಮ್ಮ ಪಾಲಿನ ಸುಣ್ಣಕಲ್ಲು ಸೋಲ್ನ್‌ಹೋಫೆನ್ನಿನದಕ್ಕಿಂತ ಎಷ್ಟೋ ಪಟ್ಟು ಹಳೆಯದು.

ಮತ್ತೆ ಬವೇರಿಯಾಕ್ಕೆ. ಈ ಸೀಮೆಯ ಪಳೆಯುಳಿಕೆಗಳು ಮೊದಲಿನಿಂದಲೂ ಸಿಗುತ್ತಿದ್ದವು. ಹಾರುವ ಸರೀಸೃಪ ಟೆರೊಡ್ಯಾಕ್ಟಿಲಸ್‌ನ ವಿವರವನ್ನು 1784ರಲ್ಲೇ ಕೊಸಿಮೊ ಕೊಲ್ಲಿನಿ ಪ್ರಕಟಿಸಿದ್ದ. ಈತ ಹಿಂದೆ ವೋಲ್ಟೇರನಿಗೆ ಕಾರ್ಯದರ್ಶಿಯಾಗಿದ್ದವನು. ಅದು ಕಡಲಿನ ಪ್ರಾಣಿಯಿರಬಹುದು ಎಂದುಕೊಂಡ. ಹಾರುವ ಸರೀಸೃಪ ಎಂದು ಗುರುತಿಸಿದ್ದು ಫ್ರಾನ್ಸಿನ ಕುವಿಯೆ, ಅದೂ ಕಲ್ಲನ್ನು ನೋಡದೆ, ಕೊಲ್ಲಿನಿಯ ಚಿತ್ರವನ್ನು ನೋಡಿ. ಆದರೆ ಗಣಿಯ ಕೆಲಸ ಏರಿದ್ದು ಕಲ್ಲಚ್ಚು ಯುರೋಪನ್ನೆಲ್ಲ ವ್ಯಾಪಿಸಿದ ಮೇಲೆ. ನಕಾಶೆ, ಸಂಗೀತದ ಹಾಳೆ, ಜಾಹೀರಾತು, ವಿಜ್ಞಾನದ ಚಿತ್ರಪಟ, ಎಲ್ಲದಕ್ಕೂ ಕಲ್ಲು ಬೇಕು.

ಈ ಗಣಿಗಳಲ್ಲಿ ಕೆಲಸ ನಡೆಯುವ ರೀತಿ ಮುಖ್ಯ. ಸಿಡಿಮದ್ದು ಹಾಕಿ ಒಡೆದರೆ ಹಾಸು ಹಾಳು. ಹಾಗಾಗಿ ಕುಟಿಗ ಸುತ್ತಿಗೆ, ಉಳಿ ಹಿಡಿದು ಒಂದೊಂದೇ ಪದರವನ್ನು ಎಬ್ಬಿಸಬೇಕು, ಬಡಿದು ಸದ್ದು ಕೇಳಬೇಕು, ತಿರುಗಿಸಿ ಎರಡೂ ಮುಖ ನೋಡಬೇಕು. ಒಂದು ಕಲೆ ಇದ್ದರೂ ಅಚ್ಚಿನವರು ಬೇಡವೆನ್ನುತ್ತಾರೆ. ಅಂದರೆ ಇಡೀ ಹತ್ತೊಂಬತ್ತನೆಯ ಶತಮಾನ ಒಂದು ಪುರಾತನ ಕಡಲತಳವನ್ನು ನೂರಾರು ಜನ ಹಾಳೆ ತಿರುವಿದಂತೆ ತಿರುವಿ ಪರೀಕ್ಷೆ ಮಾಡಿದರು, ದೋಷ ಹುಡುಕುವ ಕಣ್ಣಿನಿಂದ. ಯಾವ ವಿಶ್ವವಿದ್ಯಾಲಯವೂ ಇಷ್ಟು ಕೂಲಿ ಕೊಟ್ಟು ಇಂಥ ಹುಡುಕಾಟ ಮಾಡಿಸಲಾರದು. ಅಚ್ಚಿನವರಿಗೆ ದೋಷವಾದದ್ದು ಪಂಡಿತರಿಗೆ ನಿಧಿಯಾಯಿತು. ಸೋಲ್ನ್‌ಹೋಫೆನ್ ಪಳೆಯುಳಿಕೆಗಳ ಖಜಾನೆ ಎನ್ನುವಾಗ ನಾವು 15 ಕೋಟಿ ವರ್ಷ ಹಿಂದಿನ ಉಪ್ಪುನೀರಿಗೆ ಪೂರ್ತಿ ಯಶಸ್ಸು ಕೊಡುತ್ತೇವೆ. ಅರ್ಧ ಯಶಸ್ಸು ಅಚ್ಚುಕೂಟಗಳ ಬೇಡಿಕೆಯದ್ದು, ಆ ಕೂಲಿಕಾರರ ಬೆರಳುಗಳದ್ದು ಎಂಬುದು ನನ್ನ ವಾದ.

1859ರ ನವೆಂಬರಿನಲ್ಲಿ ಡಾರ್ವಿನ್ನನ ‘ಆನ್ ದಿ ಒರಿಜಿನ್ ಆಫ್ ಸ್ಪೀಶೀಸ್’ ಬಂತು. ಜೀವಜಾತಿಗಳು ಒಂದರಿಂದ ಒಂದು ಬದಲಾಗುತ್ತ ಬಂದಿದ್ದರೆ ನಡುವಿನ ರೂಪಗಳೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ಒಂದು ಇಡೀ ಅಧ್ಯಾಯ ಬರೆದ. ಭೂಮಿಯ ದಾಖಲೆ ಅಪೂರ್ಣ, ಹೆಚ್ಚಿನದು ಕಳೆದುಹೋಗಿದೆ ಎಂಬುದು ಅದರ ಸಾರ. ಹಸ್ತಪ್ರತಿ ಭಂಡಾರಗಳಲ್ಲಿ ಕೆಲಸ ಮಾಡಿದವರಿಗೆ ಈ ವಾದ ಹೊಸದಲ್ಲ, ನಾವು ದಿನವೂ ಹೇಳುವುದು ಇದನ್ನೇ. ಎದುರಾಳಿಗಳಿಗೆ ಮಾತ್ರ ಇದು ಜಾರಿಕೊಳ್ಳುವ ಮಾತಿನಂತೆ ಕೇಳಿಸಿತು.

1860ರಲ್ಲಿ ಸೋಲ್ನ್‌ಹೋಫೆನ್ನಿನಲ್ಲಿ ಒಂದು ಗರಿ ಸಿಕ್ಕಿತು. ಒಂಟಿ ಗರಿ, ಮಸಿಯಲ್ಲಿ ಬರೆದಂತೆ ಕಪ್ಪಗೆ. ಜುರಾಸಿಕ್ ಕಾಲದಲ್ಲಿ ಹಕ್ಕಿ ಇತ್ತೆಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ. ಫ್ರಾಂಕ್‌ಫರ್ಟಿನ ಹರ್ಮನ್ ಫಾನ್ ಮೇಯರ್ 1861ರಲ್ಲಿ ಅದನ್ನು ಪ್ರಕಟಿಸಿದ. ಅಷ್ಟರಲ್ಲೇ ಲಾಂಗೆನಾಲ್ಟ್‌ಹೈಮ್ ಹತ್ತಿರದ ಗಣಿಯಲ್ಲಿ ಗರಿಗಳ ಸಮೇತ ಒಂದು ಅಸ್ಥಿಪಂಜರವೂ ಸಿಕ್ಕಿತು. ಮೇಯರ್ ಕೊಟ್ಟ ಹೆಸರು ಆರ್ಕಿಯಾಪ್ಟೆರಿಕ್ಸ್ ಲಿಥೊಗ್ರಾಫಿಕಾ. ಪುರಾತನ ರೆಕ್ಕೆ, ಕಲ್ಲಚ್ಚಿನದು. ಹಕ್ಕಿಯ ಹೆಸರಿನಲ್ಲೇ ಮುದ್ರಣಾಲಯವಿದೆ. ಆ ಕಾಲದ ವಿಜ್ಞಾನದ ಪುಸ್ತಕಗಳ ಚಿತ್ರಪಟಗಳೂ ಹೆಚ್ಚಾಗಿ ಕಲ್ಲಚ್ಚಿನವೇ. ಕಲ್ಲಿನೊಳಗಿನ ಜೀವಿಯ ಚಿತ್ರ ಅದೇ ಜಾತಿಯ ಕಲ್ಲಿನಿಂದ ಅಚ್ಚಾಗಿ ಊರೂರಿಗೆ ಹೋಗುತ್ತಿತ್ತು.

ಆ ಅಸ್ಥಿಪಂಜರವನ್ನು ಎಬ್ಬಿಸಿದ ಕುಟಿಗನ ಹೆಸರು ಪುಸ್ತಕಗಳಲ್ಲಿ ಬರುವುದಿಲ್ಲ. ಅದು ಕೈಸೇರಿದ್ದು ಪಾಪೆನ್‌ಹೈಮ್ ಊರಿನ ವೈದ್ಯ ಕಾರ್ಲ್ ಹೇಬರ್‌ಲೈನ್‌ಗೆ. ಗಣಿಯವರು ಔಷಧಿಗೆ ದುಡ್ಡಿನ ಬದಲು ಪಳೆಯುಳಿಕೆ ಕೊಡುತ್ತಿದ್ದರು. ಕಲ್ಲಿನ ಧೂಳು ಕುಡಿದ ಎದೆಗೂಡುಗಳಿಗೆ ಔಷಧಿ ಆಗಾಗ ಬೇಕಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಹೇಬರ್‌ಲೈನ್ ಜಾಣ. ಕಲ್ಲನ್ನು ನೋಡಲು ಬಿಡುತ್ತಿದ್ದ, ಚಿತ್ರ ಬರೆದುಕೊಳ್ಳಲು ಬಿಡುತ್ತಿರಲಿಲ್ಲ ಎನ್ನುತ್ತಾರೆ. ಮ್ಯೂನಿಕ್ಕಿನ ಪ್ರೊಫೆಸರ್ ಆಂಡ್ರಿಯಾಸ್ ವಾಗ್ನರ್ ಕಲ್ಲನ್ನು ನೋಡದೆ, ನೋಡಿದವರ ಮಾತು ಕೇಳಿಯೇ ಇದು ಹಕ್ಕಿಯಲ್ಲ, ಗರಿಯಂಥ ಅಲಂಕಾರವಿರುವ ಸರೀಸೃಪ ಎಂದು ತೀರ್ಪು ಕೊಟ್ಟು ಗ್ರಿಫೋಸಾರಸ್ ಎಂದು ಹೆಸರಿಟ್ಟ. ಡಾರ್ವಿನ್ನನ ಕಡೆಯವರು ಇದನ್ನು ಸಾಕ್ಷಿ ಮಾಡಿಕೊಂಡಾರು ಎಂಬ ಎಚ್ಚರಿಕೆಯನ್ನೂ ಕೊಟ್ಟ. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡ.

1862ರಲ್ಲಿ ಬ್ರಿಟಿಷ್ ಮ್ಯೂಸಿಯಂ ಹೇಬರ್‌ಲೈನನ ಸಂಗ್ರಹವನ್ನು ಈ ಹಕ್ಕಿಯ ಸಮೇತ 700 ಪೌಂಡಿಗೆ ಕೊಂಡಿತು. ಕೊಂಡ ದುಡ್ಡು ಮಗಳ ಮದುವೆಗೆ ಹೋಯಿತೆಂದು ಹೇಳಿಕೆ. ಕೊಳ್ಳಲು ಉತ್ಸಾಹ ತೋರಿದವನು ರಿಚರ್ಡ್ ಓವೆನ್, ಡಾರ್ವಿನ್ನನ ಕಡು ವಿರೋಧಿ. ಅವನು ಅದನ್ನು ವಿವರಿಸಿ, ಇದು ಹಕ್ಕಿಯೇ, ಬಾಲ ಮಾತ್ರ ಉದ್ದ ಎಂದ. ಅದೇ ಕಲ್ಲಿನಲ್ಲಿ ಮಿದುಳಿನ ಗೂಡಿನ ಅಚ್ಚು ಮತ್ತು ಹಲ್ಲುಳ್ಳ ದವಡೆಯ ತುಂಡು ಇದ್ದದ್ದನ್ನು ಅವನು ಗಮನಿಸಲಿಲ್ಲ. ಅದನ್ನು ಕಂಡವನು ಜಾನ್ ಇವಾನ್ಸ್. ಪುರಾತತ್ವ, ಹಳೆಯ ನಾಣ್ಯ ಅವನ ಹವ್ಯಾಸ, ಕಸುಬು ಕಾಗದದ ಕಾರ್ಖಾನೆ. ಹಲ್ಲುಳ್ಳ ಹಕ್ಕಿಯನ್ನು ಒಬ್ಬ ಕಾಗದ ತಯಾರಕ ಪತ್ತೆ ಹಚ್ಚಿದ ಎಂಬುದು ಮುದ್ರಣದ ಚರಿತ್ರೆ ಓದುವ ನನಗೆ ಸ್ವಲ್ಪ ಹೆಚ್ಚೇ ಖುಷಿ ಕೊಡುತ್ತದೆ. ಡಾರ್ವಿನ್ ತನ್ನ ಪುಸ್ತಕದ 1866ರ ನಾಲ್ಕನೆಯ ಆವೃತ್ತಿಯಲ್ಲಿ ಈ ಹಕ್ಕಿಯನ್ನು ಸೇರಿಸಿದ, ಸಂಯಮದ ಒಂದೆರಡು ವಾಕ್ಯಗಳಲ್ಲಿ. ಜೋರು ಮಾತನ್ನು ಹಕ್ಸ್ಲಿಗೆ ಬಿಟ್ಟ. ಹಕ್ಸ್ಲಿ ಇದೇ ಕಲ್ಲಿನಲ್ಲಿ ಸಿಕ್ಕ ಕೋಳಿಗಾತ್ರದ ಡೈನೋಸಾರ್ ಕಾಂಪ್ಸೊಗ್ನಾಥಸ್‌ನ ಪಕ್ಕ ಹಕ್ಕಿಯನ್ನಿಟ್ಟು ಇವು ನೆಂಟರು ಎಂದ.

ಎರಡನೆಯ ಅಸ್ಥಿಪಂಜರ 1875ರ ಸುಮಾರಿಗೆ ಸಿಕ್ಕಿತು. ಇದರಲ್ಲಿ ತಲೆಯೂ ಇತ್ತು, ರೆಕ್ಕೆ ಅಗಲಿಸಿ ಹಾರುವ ಭಂಗಿಯೇ ಇತ್ತು. ನಾವು ಪಠ್ಯಪುಸ್ತಕಗಳಲ್ಲಿ ನೋಡಿದ್ದು ಇದನ್ನೇ. ಸಿಕ್ಕಿದವನ ಹೆಸರು ಈ ಸಲ ಉಳಿದಿದೆ: ಯಾಕೊಬ್ ನೀಮೇಯರ್, ರೈತ. ಒಂದು ಹಸು ಕೊಳ್ಳಲೆಂದು ಮಾರಿಬಿಟ್ಟನಂತೆ. ಅಲ್ಲಿಂದ ಕೈಬದಲಾಗಿ ಹಳೆಯ ವೈದ್ಯನ ಮಗ ಎರ್ನ್‌ಸ್ಟ್ ಹೇಬರ್‌ಲೈನನಿಗೆ ಬಂತು. ಮೊದಲಿನದು ಲಂಡನ್ನಿಗೆ ಹೋದ ಅವಮಾನ ಜರ್ಮನರಿಗಿತ್ತು. ಕೈಗಾರಿಕೋದ್ಯಮಿ ವೆರ್ನರ್ ಫಾನ್ ಸೀಮೆನ್ಸ್ ದುಡ್ಡು ಮುಂದಿಟ್ಟ, 20,000 ಮಾರ್ಕಿಗೆ ಅದು ಬರ್ಲಿನ್ನಿಗೆ ಹೋಯಿತು. ಹಸುವಿನ ಬೆಲೆಯಿಂದ ಅಲ್ಲಿಯವರೆಗೆ ಏರಿದ ಮೊತ್ತದಲ್ಲಿ ನೀಮೇಯರನಿಗೆ ಪಾಲಿಲ್ಲ.

ಇವತ್ತಿಗೆ ಹದಿನಾಲ್ಕರಷ್ಟು ಅಸ್ಥಿಪಂಜರಗಳನ್ನು ಎಣಿಸುತ್ತಾರೆ, ಕೆಲವದರ ಬಗ್ಗೆ ತಕರಾರಿದೆ. ಇವುಗಳಲ್ಲಿ ನನಗೆ ಆಸಕ್ತಿ ಹುಟ್ಟಿಸಿದ್ದು ಪ್ರಸಿದ್ಧವಾದವಲ್ಲ, ಪೆಟ್ಟಿಗೆಯಲ್ಲಿ ತಪ್ಪು ಹೆಸರಿನ ಚೀಟಿ ಅಂಟಿಸಿಕೊಂಡು ಕೂತಿದ್ದವು. 1855ರಲ್ಲೇ, ಅಂದರೆ ಗರಿಗಿಂತ ಐದು ವರ್ಷ ಮೊದಲು ಸಿಕ್ಕ ಒಂದು ತುಣುಕು ಹಾಲೆಂಡಿನ ಹಾರ್ಲೆಮ್ ಊರಿನ ಟೈಲರ್ಸ್ ಮ್ಯೂಸಿಯಂನಲ್ಲಿತ್ತು. ಅದನ್ನು ಟೆರೊಡ್ಯಾಕ್ಟಿಲಸ್ ಎಂದು 1857ರಲ್ಲಿ ಹೆಸರಿಸಿದವನು ಮತ್ಯಾರೂ ಅಲ್ಲ, ಅದೇ ಫಾನ್ ಮೇಯರ್. ಅಮೆರಿಕದ ಜಾನ್ ಆಸ್ಟ್ರಮ್ 1970ರಲ್ಲಿ ಹಾರುವ ಸರೀಸೃಪಗಳನ್ನು ಅಧ್ಯಯನ ಮಾಡಲು ಅಲ್ಲಿಗೆ ಹೋಗಿ, ಕಲ್ಲನ್ನು ಬೆಳಕಿಗೆ ಓರೆ ಹಿಡಿದಾಗ ಗರಿಯ ಗುರುತು ಕಂಡಿತು. 2017ರಲ್ಲಿ ಅದಕ್ಕೆ ಮತ್ತೆ ಹೆಸರು ಬದಲಾಯಿತು. ಅದು ಆರ್ಕಿಯಾಪ್ಟೆರಿಕ್ಸ್ ಅಲ್ಲ, ಬೇರೊಂದು ಜೀವಿ, ಆಸ್ಟ್ರಮ್‌ನ ಗೌರವಕ್ಕೆ ಆಸ್ಟ್ರೋಮಿಯಾ ಎಂದಿಟ್ಟರು. 1951ರಲ್ಲಿ ಐಖ್‌ಶ್ಟೆಟ್ ಬಳಿ ಸಿಕ್ಕ ಇನ್ನೊಂದು ಇಪ್ಪತ್ತು ವರ್ಷ ಕಾಂಪ್ಸೊಗ್ನಾಥಸ್ ಎಂದೇ ಕರೆಸಿಕೊಂಡಿತ್ತು. ಗರಿಯ ಅಚ್ಚು ಮಸುಕಾಗಿದ್ದರೆ ಹಕ್ಕಿಗೂ ಡೈನೋಸಾರಿಗೂ ವ್ಯತ್ಯಾಸ ತಿಳಿಯದು ಎಂದಾಯಿತು. ಹಕ್ಸ್ಲಿಯ ವಾದಕ್ಕೆ ಇದಕ್ಕಿಂತ ದೊಡ್ಡ ಬೆಂಬಲ ಬೇಕೇ? ತಪ್ಪು ಚೀಟಿಗಳೇ ಸಾಕ್ಷಿಯಾದವು.

1985ರಲ್ಲಿ ಇನ್ನೊಂದು ಗದ್ದಲವೆದ್ದಿತು. ಖಗೋಳವಿಜ್ಞಾನಿ ಫ್ರೆಡ್ ಹೋಯ್ಲ್ ಮತ್ತು ಶ್ರೀಲಂಕಾ ಮೂಲದ ಚಂದ್ರ ವಿಕ್ರಮಸಿಂಘೆ ಸೇರಿದಂತೆ ಕೆಲವರು, ಲಂಡನ್ನಿನ ಹಕ್ಕಿ ಖೋಟಾ, ಸರೀಸೃಪದ ಎಲುಬಿನ ಸುತ್ತ ಸುಣ್ಣದ ಗಾರೆ ಹಚ್ಚಿ ಕೋಳಿಯ ಗರಿ ಒತ್ತಿದ್ದಾರೆ ಎಂದು ಆರೋಪಿಸಿದರು. ದೊಡ್ಡವರ ಮಾತು, ಪತ್ರಿಕೆಗಳು ಎತ್ತಿಕೊಂಡವು. ಮ್ಯೂಸಿಯಂನವರು ಕಲ್ಲನ್ನು ಮತ್ತೆ ಪರೀಕ್ಷಿಸಿ 1986ರಲ್ಲಿ ಉತ್ತರ ಕೊಟ್ಟರು. ಆ ಉತ್ತರ ಕಲ್ಲಿನಿಂದಲೇ ಬಂತು. ಸೋಲ್ನ್‌ಹೋಫೆನ್ನಿನ ಹಾಸುಗಳ ಮೇಲೆ ಪುಟ್ಟ ಗಿಡ, ಜರೀಗಿಡ ಬಿಡಿಸಿದಂತೆ ಕಂದು-ಕಪ್ಪು ಚಿತ್ತಾರಗಳಿರುತ್ತವೆ. ಎಲ್ಲರೂ ಸಸ್ಯದ ಪಳೆಯುಳಿಕೆ ಎಂದುಕೊಳ್ಳುವ ಇವು ಪಳೆಯುಳಿಕೆಯೇ ಅಲ್ಲ. ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡುಗಳು. ಅವುಗಳನ್ನು ಡೆಂಡ್ರೈಟ್ ಎನ್ನುತ್ತಾರೆ. ಹಕ್ಕಿಯಿರುವ ಹಾಸಿನ ಮೇಲೂ ಅದರ ಎದುರುಹಾಸಿನ ಮೇಲೂ, ಗರಿಯ ಜಾಗದಲ್ಲೇ, ಈ ಚಿತ್ತಾರಗಳು ಒಂದಕ್ಕೊಂದು ಕನ್ನಡಿಯಂತೆ ಹೊಂದುತ್ತಿದ್ದವು. ಕೂದಲೆಳೆಯ ಬಿರುಕುಗಳೂ ಎಲುಬಿನಿಂದ ಗರಿಯವರೆಗೆ ನಿಲ್ಲದೆ ಸಾಗಿದ್ದವು, ಎರಡೂ ಹಾಸಿನಲ್ಲಿ ಒಂದೇ ಜಾಗದಲ್ಲಿ. ಗಾರೆ ಹಚ್ಚಿದವನು ಅದನ್ನು ಮಾಡಲಾರ. ತಾಡೋಲೆಯಲ್ಲಿ ಗೆದ್ದಲು ಕೊರೆದ ತೂತು ಒಂದೇ ಜಾಗದಲ್ಲಿ ಹತ್ತು ಗರಿ ದಾಟಿದ್ದರೆ ಆ ಹತ್ತು ಗರಿ ಒಂದೇ ಕಟ್ಟಿನವು ಎಂದು ನಾವು ಹೇಳುತ್ತೇವಲ್ಲ, ಅದೇ ತರ್ಕ.

ಅಚ್ಚಿಗೆ ಹೋದ ಕಲ್ಲುಗಳ ಗತಿ ಬೇರೆ. ಕಲ್ಲಚ್ಚಿನ ಕಲ್ಲು ದುಬಾರಿ, ಹಾಗಾಗಿ ಒಂದು ಪುಟದ ಪ್ರತಿಗಳು ಮುಗಿದ ಮೇಲೆ ಮರಳು, ನೀರು ಹಾಕಿ ಇನ್ನೊಂದು ಕಲ್ಲಿನಿಂದ ಉಜ್ಜಿ ಮುಖವನ್ನು ಸವೆಸಿ ಮತ್ತೆ ಹೊಸದಾಗಿ ಬರೆಯುತ್ತಿದ್ದರು. ಕಲ್ಲು ತೆಳ್ಳಗಾಗುವವರೆಗೆ ಹೀಗೆಯೇ. ಅಚ್ಚುಮೊಳೆಯ ಮುದ್ರಣದಲ್ಲಿ ಹಳೆಯ ಮೊಳೆಗಳಾದರೂ ಉಳಿಯುತ್ತವೆ. ಕಲ್ಲಚ್ಚಿನ ಮೂಲ ಪುಟಗಳನ್ನು ಮುದ್ರಕನೇ ಅಳಿಸುತ್ತಾನೆ, ಅದು ಅವನ ಕೆಲಸದ ಭಾಗ. ನನ್ನಂಥವನಿಗೆ ಸಿಗುವುದು ಕಾಗದ ಮಾತ್ರ. ಬರೆದವರ ಹೆಸರು ಅದರಲ್ಲೂ ಇರುವುದಿಲ್ಲ.

ಗಣಿಯಿಂದ ಮ್ಯೂಸಿಯಂ ಸೇರಿದ್ದೆಲ್ಲ ಭದ್ರ ಎಂದೂ ಹೇಳುವಂತಿಲ್ಲ. 1956ರಲ್ಲಿ ಲಾಂಗೆನಾಲ್ಟ್‌ಹೈಮ್‌ನ ಗಣಿಯಲ್ಲಿ ಮೂರನೆಯ ಅಸ್ಥಿಪಂಜರ ಸಿಕ್ಕಿತ್ತು. ತಲೆಯಿಲ್ಲದ್ದು. ಎರಡು ವರ್ಷ ಯಾರೂ ಅದನ್ನು ಗುರುತಿಸಲಿಲ್ಲ. ಗುರುತಿಸಿದ ಮೇಲೆ ಹತ್ತಿರದ ಮ್ಯಾಕ್ಸ್‌ಬರ್ಗ್‌ನ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು, ಎಕ್ಸ್‌-ರೇ ತೆಗೆದರು, ಪಡಿಯಚ್ಚು ಮಾಡಿಕೊಂಡರು. 1974ರಲ್ಲಿ ಗಣಿಯ ಮಾಲೀಕ ಅದನ್ನು ಮನೆಗೆ ಒಯ್ದ. ಆಮೇಲೆ ಯಾವ ವಿದ್ವಾಂಸರಿಗೂ ತೋರಿಸಲಿಲ್ಲ. 1991ರಲ್ಲಿ ಅವನು ತೀರಿಕೊಂಡಾಗ ಮನೆಯಲ್ಲಿ ಹುಡುಕಿದರು, ಸಿಗಲಿಲ್ಲ. ಪೊಲೀಸ್ ತನಿಖೆಯೂ ನಡೆಯಿತು. ಈಗ ಆ ಹಕ್ಕಿಯ ಬಗ್ಗೆ ಯಾರಾದರೂ ಬರೆಯಬೇಕಾದರೆ ಎಕ್ಸ್‌-ರೇ ಚಿತ್ರಗಳನ್ನೂ ಪಡಿಯಚ್ಚನ್ನೂ ನೋಡಿಯೇ ಬರೆಯಬೇಕು.